ಫ್ಲೈ ರಾಡಿನ ಅಂಕಿ ಮೀನಿನ ತೂಕವಲ್ಲ

ಕೆನಡಾದ ಸರೋವರಗಳಲ್ಲಿ ಪೈಕ್, ವಾಲ್‌ಐ ಮೀನು ಹಿಡಿಯಹೊರಟವರಿಗೆ ಪದೇ ಪದೇ ಬರುವ ಸಂದೇಶವೊಂದಿದೆ: 8 ಎಂದು ಗುರುತು ಹಾಕಿದ ಫ್ಲೈ ರಾಡ್ (ಗರಿಯ ಗಾಳವನ್ನು ದಾರದ ಭಾರದಿಂದ ಎಸೆಯುವ ಕೋಲು) ಎಂಟು ಪೌಂಡಿನ ಮೀನನ್ನಷ್ಟೇ ತಡೆಯುತ್ತದಂತೆ. ಹಾಗಲ್ಲ. ಹಂಚಿದವರನ್ನು ದೂರುವಂತಿಲ್ಲ, ಆ ಅಂಕಿಯೇ ದಾರಿ ತಪ್ಪಿಸುವಂತಿದೆ. ಅದು ಸೂಚಿಸುವುದು ರಾಡಿಗೆ ಹೊಂದುವ ದಾರದ ತೂಕವನ್ನು. ಮೀನು ಜಗ್ಗಿದಾಗ ಸಾಮಾನ್ಯವಾಗಿ ಮೊದಲು ತುಂಡಾಗುವುದು ದಾರದ ತುದಿಗೆ ಕಟ್ಟಿದ ತೆಳು ಎಳೆ.

ಪೈಕ್‌ಗೆ 8ರಿಂದ 10ರ ರಾಡ್ ಹೇಳುವುದು ಗಾಳದ ದೆಸೆಯಿಂದ. ಗೇಣುದ್ದದ, ನೀರು ಕುಡಿದು ಜೋತ ಗರಿಯ ಗಾಳವನ್ನು ಗಾಳಿಗೆದುರಾಗಿ ಎಸೆಯಲು ಭಾರದ ದಾರವೇ ಬೇಕು. ವಾಲ್‌ಐಗೆ ಚಿಕ್ಕ ಗಾಳ ಸಾಕು. 6 ಅಥವಾ 7 ಧಾರಾಳ.

ಅನುಮಾನವಿದ್ದರೆ 8ರ ದಾರದ ಮೊದಲ 30 ಅಡಿಯನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, 13.6 ಗ್ರಾಂ ಆಸುಪಾಸು ಬರಬೇಕು. ಪೈಕ್‌ಗೆಂದೇ ಮಾಡಿದ ದಾರ ತುಸು ಹೆಚ್ಚು ತೂಗುವುದುಂಟು. ಪೆಟ್ಟಿಗೆಯ ಮೇಲಿನ ತೂಕವನ್ನೂ ಓದಿ.