ಕಿಂಗ್ಡಾ ಕಾ ಇದ್ದ ಜಾಗದಲ್ಲಿ ಏನು ಬರಬೇಕು?

2025ರ ಫೆಬ್ರವರಿ 28ರ ಬೆಳಿಗ್ಗೆ. ಆಫೀಸಿಗೆ ಹೊರಡುವ ಮುಂಚೆ ಕಾಫಿ ಲೋಟ ಹಿಡಿದು ಫೋನ್ ನೋಡುತ್ತಾ ನಿಂತಿದ್ದೆ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ವಿಡಿಯೊ ಹಾಕಿದ್ದರು. ಹಸಿರು ಹಳಿಯ ಆ ದೊಡ್ಡ ಗೋಪುರದ ಬುಡದಲ್ಲಿ ಢಂ ಢಂ ಅಂತ ಸದ್ದು. ಗೋಪುರ ವಾಲಿತು, ಬಿತ್ತು, ಧೂಳೆದ್ದಿತು. ಕಾಫಿ ಕುಡಿಯೋಕೆ ಮನಸ್ಸಾಗಲಿಲ್ಲ.

ಇಲ್ಲಿ ನ್ಯೂಜೆರ್ಸಿಯ ಜಾಕ್ಸನ್ ಅನ್ನೋ ಊರಿನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕ್ ಇದೆ. ಅಲ್ಲಿದ್ದ ರೋಲರ್ ಕೋಸ್ಟರ್ ಕಿಂಗ್ಡಾ ಕಾ. ಶುರುವಾಗಿದ್ದು 2005ರ ಮೇನಲ್ಲಿ. ಎತ್ತರ 139 ಮೀಟರ್. ಜೋಗದ ರಾಜಾ ಧುಮುಕುವುದು 253 ಮೀಟರ್ ಅಲ್ವಾ, ಅದರ ಅರ್ಧಕ್ಕಿಂತ ಜಾಸ್ತಿ. ಮುಚ್ಚುವ ದಿನದವರೆಗೂ ಪ್ರಪಂಚದ ಅತಿ ಎತ್ತರದ ಕೋಸ್ಟರ್ ಅದೇ. ನಮ್ಮ ಬಿಡದಿಯ ವಂಡರ್‌ಲಾ ಬಾಗಿಲು ತೆರೆದಿದ್ದೂ ಅದೇ 2005ರಲ್ಲಿ.

ಇಲ್ಲಿನ ಕನ್ನಡಿಗರಿಗೆ ಈ ಪಾರ್ಕು ಒಂದು ಥರ ಸಂಪ್ರದಾಯ. ಊರಿಂದ ಯಾರೇ ಬರಲಿ, ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಒಂದು ದಿನ, ನಯಾಗರಕ್ಕೆ ಎರಡು ದಿನ, ಗ್ರೇಟ್ ಅಡ್ವೆಂಚರ್‌ಗೆ ಒಂದು ದಿನ. ಮಧ್ಯಾಹ್ನ ಪಾರ್ಕಿಂಗ್ ಜಾಗಕ್ಕೆ ಬಂದು ಕಾರಿನ ಡಿಕ್ಕಿ ತೆಗೆದು, ಬೆಳಿಗ್ಗೆ ಕಟ್ಟಿಕೊಂಡು ಬಂದ ಪುಳಿಯೋಗರೆ ತಿಂದು ಮತ್ತೆ ಒಳಗೆ ಹೋಗುವುದು. ಪಕ್ಕದ ಕಾರಿನಲ್ಲಿ ಗುಜರಾತಿಗಳ ಥೇಪ್ಲಾ. ಹೀಗೆ ಎಷ್ಟು ಬೇಸಿಗೆ ಕಳೆದಿದ್ದೇವೋ!

ಹಾಸನದಿಂದ ಅಣ್ಣನ ಕುಟುಂಬ ಬಂದಿದ್ದು 2016ರಲ್ಲಿ. ಅಣ್ಣನ ಮಗನಿಗೆ ಆಗ ಹದಿನೈದು. ಅವನೂ ನಾನೂ ಕಿಂಗ್ಡಾ ಕಾ ಹತ್ತಿದೆವು. ಹೆಗಲ ಮೇಲಿನ ಕಂಬಿ ಎರಡೆರಡು ಸಲ ಎಳೆದು ನೋಡಿಕೊಂಡೆ. ಬಂಡಿ ನಿಧಾನವಾಗಿ ಉದ್ದನೆಯ ಹಳಿಗೆ ಬಂದು ನಿಂತಿತು. ಆಮೇಲೆ ಒಂದು ಚೂರು ಹಿಂದಕ್ಕೆ ಜರುಗಿತು. ಕೆಳಗೆ ಕೊಕ್ಕೆ ಸಿಕ್ಕಿಕೊಂಡ ಸದ್ದು. ಮುಂದಿನ ಹಳಿಯಲ್ಲಿ ಎದ್ದು ನಿಂತಿದ್ದ ಬ್ರೇಕ್‌ಗಳು ಟಕ್ ಅಂತ ಕೆಳಗಿಳಿದವು. ಯಾರೂ ಮಾತಾಡಲಿಲ್ಲ. ಹುಡುಗ ನನ್ನ ಕೈ ಹಿಡಿದುಕೊಂಡ.

ಆಮೇಲೆ ಮೂರೂವರೆ ಸೆಕೆಂಡ್. ಅಷ್ಟರಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗ. ಕಣ್ಣಿನ ನೀರು ಕಿವಿಯ ಕಡೆಗೆ ಹರಿಯುತ್ತದೆ. ನೆಟ್ಟಗೆ ಆಕಾಶಕ್ಕೆ ಏರಿ, ತುದಿಯಲ್ಲಿ ಒಂದು ಕ್ಷಣ ಮೈ ಹಗುರಾಗುತ್ತದೆ. ಸುತ್ತ ಎಲ್ಲಿ ನೋಡಿದರೂ ಪೈನ್ ಮರಗಳ ಕಾಡು. ಮತ್ತೆ ತಿರುಚಿಕೊಂಡು ನೇರ ಕೆಳಕ್ಕೆ. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಇಳಿದವನು ಹೇಳಿದ್ದು ಒಂದೇ ಮಾತು, "ಚಿಕ್ಕಪ್ಪ, ಇನ್ನೊಂದ್ಸಲ."

ಅಮ್ಮನೂ ಬಂದಿದ್ದಳು. "ನೀವು ಹೋಗಿ ಬನ್ನಿ, ನಾನು ಚೀಲ ನೋಡ್ಕೋತೀನಿ" ಅಂತ ಬೆಂಚಿನ ಮೇಲೆ ಕೂತಿದ್ದಳು. ಸಂಜೆ ಬಲವಂತ ಮಾಡಿ ಸ್ಕೈವೇ ಹತ್ತಿಸಿದೆವು. ತಂತಿಯ ಮೇಲೆ ತೊಟ್ಟಿಲಿನ ಹಾಗೆ ತೇಲುತ್ತಾ ಹೋಗುವುದು. 1964ರ ನ್ಯೂಯಾರ್ಕ್ ವರ್ಲ್ಡ್ ಫೇರ್‌ನಲ್ಲಿದ್ದ ತೊಟ್ಟಿಲುಗಳು ಅವು. ಅಮ್ಮ ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಮ್ಮಗನ ಅಂಗಿ ಹಿಡಿದು ಕೂತಳು. ಪಾರ್ಕಿನ ಮಧ್ಯ ಬಂದಾಗ ಕೆಳಗೆ ನೋಡಿ, "ಎಷ್ಟೊಂದು ಮರ ಉಳಿಸ್ಕೊಂಡಿದಾರಲ್ಲ ಕಣೋ" ಅಂದಳು. ಆ ಪಾರ್ಕಿನಲ್ಲಿ ಅಮ್ಮ ಹತ್ತಿದ್ದು ಅದೊಂದೇ.

ಈಗ ಎರಡೂ ಇಲ್ಲ. 2024ರ ನವೆಂಬರ್ 10ಕ್ಕೆ ಕಿಂಗ್ಡಾ ಕಾ ಕೊನೆಯ ಸಲ ಓಡಿತು. ಅದು ಕೊನೆಯದು ಅಂತ ಜನರಿಗೆ ಗೊತ್ತಾಗಿದ್ದು 14ಕ್ಕೆ. ಅದರ ಜೊತೆ ಗ್ರೀನ್ ಲ್ಯಾಂಟರ್ನ್ ಕೋಸ್ಟರ್, ಪ್ಯಾರಾಚೂಟ್, ಸ್ಕೈವೇ ಎಲ್ಲವನ್ನೂ ತೆಗೆಯುತ್ತೇವೆ ಅಂತ ಒಂದೇ ಪ್ರಕಟಣೆ. ಹತ್ತೊಂಬತ್ತು ವರ್ಷ ಜನ ಪ್ರೀತಿಸಿದ ವಸ್ತು ಅದು. ಮನೆಗೆ ಬಂದ ನೆಂಟರನ್ನೂ ಬಾಗಿಲವರೆಗೆ ಹೋಗಿ ಕಳಿಸಿಕೊಡುತ್ತೇವೆ, ಇದಕ್ಕೆ ಒಂದು ವಾರವೂ ಕೊಡಲಿಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಮುಂದಿನ ವರ್ಷ ಮೇರಿಲ್ಯಾಂಡ್‌ನಲ್ಲಿ ಇದೇ ಕಂಪನಿಯ ಸಿಕ್ಸ್ ಫ್ಲ್ಯಾಗ್ಸ್ ಅಮೆರಿಕ ಅನ್ನೋ ಪಾರ್ಕೇ ಪೂರ್ತಿ ಮುಚ್ಚಿತು. ಅಲ್ಲಿ ಮೇ ತಿಂಗಳಲ್ಲೇ ಹೇಳಿದ್ದರು, ಮುಚ್ಚಿದ್ದು ನವೆಂಬರ್ 2ಕ್ಕೆ. ಹತ್ತಬೇಕಾದವರು ಕೊನೆಯ ಸಲ ಹತ್ತಿ ಬಂದರು. ಅಷ್ಟು ಮಾಡೋಕೆ ಏನೂ ಖರ್ಚಾಗಲ್ಲ.

ಕಿಂಗ್ಡಾ ಕಾ ತೆಗೆದಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದನ್ನು ಓಡಿಸುವುದು ಸುಲಭ ಇರಲಿಲ್ಲ. ಎಣ್ಣೆಯ ಒತ್ತಡದಿಂದ ತಿರುಗುವ ಮೋಟಾರುಗಳು, ಅವು ತಿರುಗಿಸುವ ಒಂದು ದೊಡ್ಡ ಡ್ರಮ್, ಅದಕ್ಕೆ ಸುತ್ತುವ ಹಗ್ಗ, ಆ ಹಗ್ಗ ಎಳೆಯುವ ಕೊಕ್ಕೆ. ಪ್ರತಿ ಸಲವೂ ಅಷ್ಟು ಭಾರ, ಅಷ್ಟು ವೇಗ. ಗಾಳಿ ಜೋರಾದರೆ, ಚಳಿ ಹೆಚ್ಚಾದರೆ ಬಂಡಿ ತುದಿ ದಾಟದೆ ವಾಪಸ್ ಜಾರಿ ಬರುವುದೂ ಇತ್ತು. ಅದಕ್ಕೆ ಅಂತಲೇ ಆ ಬ್ರೇಕ್‌ಗಳು. ಶುರುವಾದ ವರ್ಷವೇ ಯಂತ್ರ ಕೆಟ್ಟು ಸುಮಾರು ಎರಡು ತಿಂಗಳು ನಿಂತಿತ್ತು. 2009ರಲ್ಲಿ ಸಿಡಿಲು ಬಡಿದು ಮತ್ತೆ ಕೆಲವು ತಿಂಗಳು.

ಅದರ ಅಣ್ಣ, ಅಂದರೆ ಅದೇ ಥರದ ಹಳೇ ಕೋಸ್ಟರ್, ಒಹಾಯೊದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿತ್ತು, 2003ರ ಟಾಪ್ ಥ್ರಿಲ್ ಡ್ರಾಗ್‌ಸ್ಟರ್. ಅಲ್ಲಿ 2021ರಲ್ಲಿ ಒಂದು ಲೋಹದ ತುಂಡು ಕಳಚಿ, ಸಾಲಿನಲ್ಲಿ ನಿಂತಿದ್ದ ಮಹಿಳೆಗೆ ಬಡಿದು ತೀವ್ರ ಗಾಯವಾಯಿತು. ಆಮೇಲೆ ಆ ಎಣ್ಣೆ ಯಂತ್ರವನ್ನು ಕಿತ್ತು ಹಾಕಿ, ಅಯಸ್ಕಾಂತದ ಬಲದಿಂದ ನೂಕುವ ವ್ಯವಸ್ಥೆ ಹಾಕಿದರು. 2024ರ ಮೇನಲ್ಲಿ ಹೊಸ ಹೆಸರಿಟ್ಟು ತೆರೆದರೆ ಕೆಲವೇ ದಿನಕ್ಕೆ ನಿಂತಿತು. ಮತ್ತೆ ಜನ ಹತ್ತಿದ್ದು 2025ರಲ್ಲಿ.

ಇಷ್ಟು ಹೇಳಿದ ಮೇಲೆ ಗ್ರೇಟ್ ಅಡ್ವೆಂಚರ್‌ನ ಇನ್ನೊಂದು ಕೋಸ್ಟರ್ ಬಗ್ಗೆ ಹೇಳಲೇಬೇಕು. ರನ್‌ಅವೇ ಮೈನ್ ಟ್ರೈನ್. ಪಾರ್ಕ್ ಶುರುವಾದ 1974ರಿಂದ ಇದೆ. ಎತ್ತರ ಏನೂ ಇಲ್ಲ. ಕಟಕಟ ಅಂತ ಏರುತ್ತದೆ, ಮರಗಳ ಮಧ್ಯೆ ಸುತ್ತುತ್ತದೆ, ಕೊನೆಗೆ ನೀರಿನ ಕಡೆಗೆ ಒಂದು ಇಳಿಜಾರು. ಐವತ್ತು ವರ್ಷ ದಾಟಿದೆ. ನನ್ನ ಮಗಳು ಮೊದಲು ಹತ್ತಿದ ಕೋಸ್ಟರ್ ಅದು. ಅವಳ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜ, ಪಕ್ಕದಲ್ಲಿ ಅವರ ಮೊಮ್ಮಗ. ತಾನೂ ಇವನಷ್ಟಿದ್ದಾಗ ಇದರಲ್ಲೇ ಮೊದಲು ಕೂತಿದ್ದು ಅಂತ ಆ ಹುಡುಗನ ಅಪ್ಪ ಇಳಿದ ಮೇಲೆ ಹೇಳಿದರು.

ಅದೇ ಪಾರ್ಕಿನ ನೈಟ್ರೊ ಕೂಡ ಹಾಗೇ. 2001ರದ್ದು. ಎತ್ತರ 70 ಮೀಟರ್, ಕಿಂಗ್ಡಾ ಕಾದ ಅರ್ಧ. ತಲೆಕೆಳಗಾಗುವುದು ಇಲ್ಲ, ಸುಮ್ನೆ ಒಂದಾದ ಮೇಲೊಂದು ಗುಡ್ಡ. ಒಂದು ಬಂಡಿಯಲ್ಲಿ 36 ಜನ, ಕಿಂಗ್ಡಾ ಕಾದಲ್ಲಿ 18. ಸಾಲು ಸರಸರ ಕರಗುತ್ತದೆ. ಇದನ್ನು ಕಟ್ಟಿದ ಸ್ವಿಸ್ ಕಂಪನಿಯೇ ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲೂ ಒಂದು ಕೋಸ್ಟರ್ ಕಟ್ಟಿದೆ. ಅದರ ಹೆಸರೂ ನೈಟ್ರೊ.

ಕಿಂಗ್ಡಾ ಕಾ ಜಾಗಕ್ಕೆ ಹಲವು ವಿಶ್ವದಾಖಲೆ ಮುರಿಯುವ ಹೊಸ ಕೋಸ್ಟರ್ 2026ಕ್ಕೆ ತರುತ್ತೇವೆ ಎಂದಿದ್ದರು. ಆ ಕೆಲಸ ಮುಂದಕ್ಕೆ ಹೋಯಿತು. ನನ್ನ ಕೇಳಿದರೆ, ಮುಂದಕ್ಕೆ ಹೋಗಿದ್ದು ಒಳ್ಳೆಯದೇ ಆಯಿತು. ಈ ಸಮಯದಲ್ಲಿ ಆ ದಾಖಲೆಯ ಹುಚ್ಚು ಬಿಡಲಿ. ಸೌದಿಯ ಖಿದ್ದಿಯಾದಲ್ಲಿ ಫಾಲ್ಕನ್ಸ್ ಫ್ಲೈಟ್ ಅನ್ನೋ ಕೋಸ್ಟರ್ ಈಗಾಗಲೇ ತೆರೆದಿದೆ. ಗಂಟೆಗೆ 250 ಕಿಲೋಮೀಟರ್, ಹಳಿಯ ಉದ್ದವೇ ನಾಲ್ಕು ಕಿಲೋಮೀಟರ್‌ಗೂ ಜಾಸ್ತಿ. ಬಂಡೆಯ ಅಂಚಿನಿಂದಲೇ ಕೆಳಕ್ಕೆ ಬೀಳುತ್ತದೆ. ಅದರ ಜೊತೆ ಜಾಕ್ಸನ್ನಿನ ಪೈನ್ ಕಾಡು ಯಾಕೆ ಪೈಪೋಟಿಗೆ ಇಳಿಯಬೇಕು?

ದುಡ್ಡಿದ್ದರೆ ಮೊದಲು ಇದೇ ಪಾರ್ಕಿನ ಎಲ್ ಟೋರೊಗೆ ಹಾಕಲಿ. ಮರದ ಕೋಸ್ಟರ್, 2006ರದ್ದು, 55 ಮೀಟರ್ ಎತ್ತರ. ಅದರ ಮೊದಲ ಇಳಿಜಾರಿನಲ್ಲಿ ಸೀಟಿನಿಂದ ಮೇಲಕ್ಕೆ ಏಳುವ ಹಾಗೆ ಇನ್ನೆಲ್ಲೂ ನನಗಾಗಿಲ್ಲ. ಆದರೆ 2022ರ ಆಗಸ್ಟ್‌ನಲ್ಲಿ ಅದರಲ್ಲಿ 14 ಜನರಿಗೆ ಪೆಟ್ಟಾಯಿತು. ರಾಜ್ಯದ ತಪಾಸಣೆಯವರು ಅದನ್ನು ನಿಲ್ಲಿಸಿದರು, ದುರಸ್ತಿಯಾಗಿ 2023ರಲ್ಲಿ ಮತ್ತೆ ತೆರೆಯಿತು. ಮರದ ಕೋಸ್ಟರ್ ಅಂದರೆ ಹಳೇ ತೊಟ್ಟಿ ಮನೆ ಇದ್ದ ಹಾಗೆ. ವರ್ಷ ವರ್ಷ ಹಲಗೆ ನೋಡಬೇಕು, ಸವೆದಿದ್ದನ್ನು ಬದಲಾಯಿಸಬೇಕು, ಬೋಲ್ಟು ಬಿಗಿಮಾಡಬೇಕು. ಹಾಗೆ ನೋಡಿಕೊಂಡಿದ್ದಕ್ಕೇ ಮೇರಿಲ್ಯಾಂಡ್‌ನ ವೈಲ್ಡ್ ಒನ್, 1917ರಲ್ಲಿ ಬೇರೆ ರಾಜ್ಯದಲ್ಲಿ ಕಟ್ಟಿದ್ದು, ಅಲ್ಲಿಂದ ಬಿಚ್ಚಿ ತಂದು ನಿಲ್ಲಿಸಿದ್ದು, ಪಾರ್ಕ್ ಮುಚ್ಚುವ ವರ್ಷದವರೆಗೂ ಉಳಿದಿತ್ತು. ನೂರು ವರ್ಷಕ್ಕಿಂತ ಜಾಸ್ತಿ!

ಖಾಲಿಯಾದ ಆ ಜಾಗಕ್ಕೆ ಅಯಸ್ಕಾಂತದಿಂದ ನೂಕುವ ಒಂದು ಕೋಸ್ಟರ್ ಬರಲಿ, ಬೇಡ ಅನ್ನಲ್ಲ. ನನ್ನ ಅಣ್ಣನ ಮಗನಂಥ ಹದಿನೈದರ ಹುಡುಗರಿಗೆ ಅದು ಬೇಕು. ಆದರೆ 139 ಮೀಟರ್ ಬೇಡ. ಐವತ್ತು, ಅರವತ್ತು ಮೀಟರ್ ಸಾಕು. ಮರಗಳ ಮಧ್ಯೆ ಉದ್ದಕ್ಕೆ ಓಡಲಿ, ಮೂರು ನಿಮಿಷ ಓಡಲಿ, ಮಳೆ ನಿಂತ ಹತ್ತು ನಿಮಿಷಕ್ಕೆ ಮತ್ತೆ ಶುರುವಾಗಲಿ. ಎಂಟು ವರ್ಷದ ಮಗು, ಐವತ್ತು ವರ್ಷದ ಅಪ್ಪ ಒಂದೇ ಬಂಡಿಯಲ್ಲಿ ಕೂರುವ ಹಾಗಿರಲಿ. ಆಮೇಲೆ ಸ್ಕೈವೇ ಥರದ್ದು ಒಂದನ್ನು ದಯವಿಟ್ಟು ವಾಪಸ್ ತನ್ನಿ. ಚೀಲ ನೋಡಿಕೊಂಡು ಬೆಂಚಿನ ಮೇಲೆ ಕೂರುವ ಅಮ್ಮಂದಿರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರೂ ಟಿಕೆಟ್ ತಗೊಂಡೇ ಒಳಗೆ ಬಂದಿರುತ್ತಾರೆ.

ಅವತ್ತು ವಿಡಿಯೊ ನೋಡಿ ಹಾಸನದ ಹುಡುಗ ಫೋನ್ ಮಾಡಿದ್ದ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ಚಿಕ್ಕಪ್ಪ, ನೋಡಿದ್ರಾ?" ಅಂದ. ಹೂಂ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ, "ಅಜ್ಜಿ ತೊಟ್ಟಿಲಲ್ಲಿ ಕೂತ ಫೋಟೊ ಇದ್ರೆ ಕಳ್ಸಿ" ಅಂದ. ಹಳೇ ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಅಮ್ಮನ ಮುಖ ಅರ್ಧ ಮಾತ್ರ ಬಂದಿದೆ, ಸೆರಗು ಗಾಳಿಗೆ ಹಾರುತ್ತಿದೆ, ಹಿಂದೆ ದೂರದಲ್ಲಿ ಆ ಹಸಿರು ಹಳಿ.