ಹಡಗಿನ ಸಂಬಳಕ್ಕೆ ತೆರಿಗೆ ಇಲ್ವಾ?

‘ಕ್ರೂಸ್ ಹಡಗಿನಲ್ಲಿ 6 ತಿಂಗಳು ದುಡಿದರೆ ಎನ್‌ಆರ್‌ಐ, ತೆರಿಗೆಯೇ ಇಲ್ಲ, ರಿಟರ್ನ್ಸ್ ಕೂಡ ಬೇಡ’ ಅನ್ನುವ ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ನಿಜ. ಆ ಅರ್ಧವನ್ನೇ ನಂಬಿದರೆ ಕಷ್ಟ.

ಕಾನೂನು ಎಣಿಸುವುದು ಹಡಗಿನ ದಿನಗಳನ್ನಲ್ಲ, ಭಾರತದಲ್ಲಿ ಇದ್ದ ದಿನಗಳನ್ನು. ಕೆಲಸಕ್ಕೆಂದು ಹೊರಗೆ ಹೋಗುವ ಭಾರತೀಯ ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನಿವಾಸಿಯೇ, ಎನ್‌ಆರ್‌ಐ ಅಲ್ಲ. 365 ದಿನದಲ್ಲಿ 182 ದಿನ ಹೊರಗಿದ್ದರೆ ಇಲ್ಲಿ ಉಳಿದದ್ದು 183. ಸಾಲದು! ಕನಿಷ್ಠ 184 ದಿನ ಹೊರಗಿರಬೇಕು.

ಇನ್ನೊಂದು ಎಡವಟ್ಟು ಇದೆ, ಜಾಸ್ತಿ ಜನ ಬೀಳುವುದು ಇಲ್ಲೇ. ಜನವರಿ 1ರಿಂದ ಜುಲೈ ಕೊನೆಯವರೆಗೆ ಹಡಗಿನಲ್ಲಿದ್ದರೆ ಒಟ್ಟು 212 ದಿನ. ಆದರೆ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ ಅಲ್ವಾ? ಒಂದು ವರ್ಷಕ್ಕೆ 90, ಮುಂದಿನದಕ್ಕೆ 122. ಉಳಿದ ದಿನ ಊರಲ್ಲೇ ಇದ್ದರೆ ಎರಡೂ ವರ್ಷ ನಿವಾಸಿ, ಸಾಮಾನ್ಯವಾಗಿ ಹಡಗಿನ ಸಂಬಳಕ್ಕೂ ತೆರಿಗೆ.

ಅನಿವಾಸಿ (ಎನ್‌ಆರ್‌ಐ) ಆದವರಿಗೆ ಮಾತ್ರ ಒಳ್ಳೆಯ ಸುದ್ದಿ. ವಿದೇಶಕ್ಕೆ ಹೋಗುವ ಹಡಗಿನಲ್ಲಿ ಹೊರಗೆ ದುಡಿದ ಸಂಬಳ ಇಲ್ಲಿನ ಎನ್‌ಆರ್‌ಇ ಖಾತೆಗೆ (ಅನಿವಾಸಿಗಳು ಹೊರಗಿನ ದುಡಿಮೆ ಇಡುವ ಬ್ಯಾಂಕ್ ಖಾತೆ) ಬಂತೆಂಬ ಒಂದೇ ಕಾರಣಕ್ಕೆ ತೆರಿಗೆ ಹಾಕುವಂತಿಲ್ಲ ಎಂದು ನೇರ ತೆರಿಗೆ ಮಂಡಳಿ 2017ರಲ್ಲೇ ಸ್ಪಷ್ಟಪಡಿಸಿದೆ.

ಊರಿನ ಮನೆ ಬಾಡಿಗೆ, ಎನ್‌ಆರ್‌ಒ ಖಾತೆಯ (ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆ) ಬಡ್ಡಿ? ಅವು ಭಾರತದ ಆದಾಯವೇ. ತೆರಿಗೆ ವಿನಾಯಿತಿಯ ಮಿತಿ ದಾಟಿದರೆ ಅನಿವಾಸಿಯೂ ರಿಟರ್ನ್ಸ್ ಹಾಕಬೇಕು. ಮೊದಲೇ ಕಡಿತವಾದ ತೆರಿಗೆ (ಟಿಡಿಎಸ್) ವಾಪಸ್ ಬೇಕಿದ್ದರೂ ಅದೇ ದಾರಿ. ಹಳೆಯ ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಸೇವಾ ಪುಸ್ತಕ), ಕಾಂಟ್ರ್ಯಾಕ್ಟ್ ಪತ್ರ ಸುಮ್ನೆ ಬಿಸಾಡಬೇಡಿ. ದಿನಗಳ ಲೆಕ್ಕಕ್ಕೆ ಅವೇ ದಾಖಲೆ.