ಮೊದಲ ಮಾತ್ರೆಗೂ ಮುಂಚೆ ಮೂತ್ರದ ಕಲ್ಚರ್ ಆಗಲಿ

ಕೊಚ್ಚಿಯಲ್ಲಿ ನಾನು ಹೋಗುವ ಮೆಡಿಕಲ್ ಶಾಪ್‌ನಲ್ಲಿ ಡಾಕ್ಟರ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ. ಎಷ್ಟು ಪರಿಚಯ ಇದ್ದರೂ ಅಷ್ಟೇ. ರೋಗಾಣುಗಳು ಆ್ಯಂಟಿಬಯಾಟಿಕ್‌ಗೆ ಬಗ್ಗದಂತಾಗುವುದನ್ನು ತಡೆಯಲು ಕೇರಳ ಸರ್ಕಾರ 2018ರಲ್ಲೇ ಒಂದು ಯೋಜನೆ ಮಾಡಿ, 2024ರಲ್ಲಿ ಅಂಗಡಿಗಳ ತಪಾಸಣೆಗೂ ಇಳಿಯಿತು. ಚೀಟಿಯ ನಿಯಮ ಇಡೀ ದೇಶದ್ದೇ, ನಮ್ಮ ಹೊಸನಗರ, ತೀರ್ಥಹಳ್ಳಿಗೂ ಅದೇ. ಆದರೂ ಊರಿಗೆ ಬಂದಾಗ, "ಉರಿಮೂತ್ರ ಮಾರಾಯ್ರೇ" ಅಂದರೆ ಸಾಕು, ಎರಡು ದಿನದ ಮಾತ್ರೆ ಕತ್ತರಿಸಿ ಕೊಡುವುದನ್ನು ನೋಡುತ್ತೇನೆ. ಮೂತ್ರದಲ್ಲಿನ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಮಾತೇ ಇಲ್ಲ.

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ದಪ್ಪವಾಗಿತ್ತು. ಬಾರ್ಲಿ ನೀರು ಕುಡಿದರು, ಅಂಗಡಿ ಮಾತ್ರೆ ನುಂಗಿದರು. ಉರಿ ಕಡಿಮೆಯಾಯಿತು. ಆಮೇಲೆ ಚಳಿಜ್ವರ, ಪಕ್ಕೆ ನೋವು, ವಾಂತಿ. ಮಲೆನಾಡಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆ, ಇಲಿ ಜ್ವರದ ಭಯ. ಅದು ಸಹಜವೇ. ಆದರೆ ಮೂತ್ರದ ಕಡೆ ಯಾರಿಗೂ ಗಮನ ಹೋಗಲಿಲ್ಲ. ಶಿವಮೊಗ್ಗಕ್ಕೆ ಕರೆತರುವಷ್ಟರಲ್ಲಿ ಸೋಂಕು ಕಿಡ್ನಿಗೆ ಏರಿತ್ತು.

ಇಂಥದ್ದು ಸುಮ್ನೆ ಉರಿಮೂತ್ರ ಅಲ್ಲ. ಕಿಡ್ನಿ ಕಲ್ಲು, ಮೂತ್ರ ಹೋಗಲು ಹಾಕಿದ ನಳಿಕೆ (ಕ್ಯಾಥೆಟರ್), ಪ್ರಾಸ್ಟೇಟ್ ತೊಂದರೆ ಇದ್ದವರಲ್ಲಿ ಸೋಂಕು ಬೇಗ ಕಗ್ಗಂಟಾಗುತ್ತದೆ. ಸಕ್ಕರೆ ಕಾಯಿಲೆಯವರು, ಬಸುರಿಯರು ಕೂಡ ಜಾಸ್ತಿ ಹುಷಾರಾಗಿರಬೇಕು. ಉರಿಮೂತ್ರಕ್ಕೆ ಸಾಮಾನ್ಯವಾಗಿ ಕೊಡುವ ನೈಟ್ರೋಫ್ಯುರಾಂಟೊಯಿನ್ ಅನ್ನುವ ಆ್ಯಂಟಿಬಯಾಟಿಕ್ ಮೂತ್ರಕೋಶದಲ್ಲಿ ಕೆಲಸ ಮಾಡುತ್ತದೆ, ಕಿಡ್ನಿಯ ಸೋಂಕಿಗೆ ಸಾಲದು. ಬರೀ ಔಷಧಿಯಿಂದಲೂ ಆಗುವುದಿಲ್ಲ. ಮೂತ್ರ ಕಟ್ಟಿಕೊಂಡಿದ್ದರೆ ಅದನ್ನು ಬಿಡಿಸಬೇಕು, ಹಳೆಯ ನಳಿಕೆಯನ್ನು ತೆಗೆಯಬೇಕು ಇಲ್ಲವೇ ಬದಲಿಸಬೇಕು.

ಅದಕ್ಕೇ ನಾನು ಕಲ್ಚರ್ ಪರೀಕ್ಷೆಗೆ ಇಷ್ಟು ಒತ್ತು ಕೊಡುವುದು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅಂತ ಅದು ಹೇಳುತ್ತದೆ. ಮಾತ್ರೆ ನುಂಗಿದ ಮೇಲೆ ಮೂತ್ರ ಕೊಟ್ಟರೆ ರೋಗಾಣು ಸಿಗದೇ ಹೋಗಬಹುದು. ವರದಿಗೆ ಎರಡು ಮೂರು ದಿನ ಬೇಕು ನಿಜ. ಆದರೆ ಕಾಯಬೇಕಿಲ್ಲ. ಮೂತ್ರ ತೆಗೆದುಕೊಂಡ ಕೂಡಲೇ ಡಾಕ್ಟರು ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಶುರು ಮಾಡುತ್ತಾರೆ, ವರದಿ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ.

ಕೊಚ್ಚಿಯಲ್ಲಿ ಲ್ಯಾಬ್ ಪಕ್ಕದ ಬೀದಿಯಲ್ಲೇ ಇದೆ. ಮಳೆಗಾಲದಲ್ಲಿ ಘಟ್ಟದ ಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವುದು ಹಾಗಲ್ಲ ಅಲ್ವಾ? ಬರೀ ಅಂಗಡಿಯವರನ್ನು ಬೈದರೆ ಪ್ರಯೋಜನವಿಲ್ಲ. ಮೂತ್ರವನ್ನು ಹೊರಗಿಟ್ಟರೆ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಫ್ರಿಜ್‌ನಲ್ಲಿಟ್ಟರೆ 24 ಗಂಟೆವರೆಗೂ ನಡೆಯುತ್ತದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸ್ಟೆರೈಲ್ ಡಬ್ಬಿ ಇರಲಿ. ಅಲ್ಲಿ ತೆಗೆದ ಮೂತ್ರವನ್ನು ತಣ್ಣಗಿಟ್ಟು ದಿನಕ್ಕೊಮ್ಮೆ ಶಿವಮೊಗ್ಗಕ್ಕೆ ಕಳಿಸಲಿ. ವರದಿ ಫೋನಿಗೇ ಬಂದರೆ ನಮ್ಮ ಹಿರಿಯರು ಎರಡೆರಡು ಸಲ ಶಿವಮೊಗ್ಗಕ್ಕೆ ಅಲೆಯುವುದು ತಪ್ಪುತ್ತದೆ.